ಒಂದೇ ಕಾಂಪೌಂಡು, ಎರಡು ಯೂನಿಫಾರಂ

ಡಿಸೆಂಬರ್ ಎರಡನೇ ವಾರ ಬಂತೆಂದರೆ ಕರಾವಳಿ, ಮಲೆನಾಡಿನ ವಾಟ್ಸಾಪ್ ಗ್ರೂಪುಗಳಿಗೆ ಒಂದೇ ನಮೂನೆಯ ಫೋಟೊಗಳು ಬರತೊಡಗುತ್ತವೆ. ಹಿಂದೆ ಬ್ಯಾನರ್. ಬ್ಯಾನರಿನ ಮೇಲೆ ನಕ್ಷತ್ರ, ಗೋದಲಿ, ಶಾಲೆಯ ಹೆಸರು. ಮುಂದೆ ಫಾದರ್, ಸಿಸ್ಟರ್, ರಕ್ಷಕ ಶಿಕ್ಷಕ ಸಂಘದ ಅಧ್ಯಕ್ಷರು. ಅವರ ನಡುವೆ ಎಂಟೊಂಬತ್ತು ವರ್ಷದ ಒಂದು ಮಗು, ಕೈಯಲ್ಲಿ ಹೊಸ ಸ್ಕೂಲ್ ಬ್ಯಾಗು. ಬ್ಯಾಗಿನ ಇನ್ನೊಂದು ತುದಿಯನ್ನು ಇನ್ನೊಂದು ಮಗು ಹಿಡಿದಿರುತ್ತದೆ. ಕೊಡುವ ಮಗು ಕ್ಯಾಮೆರಾ ನೋಡುತ್ತಿರುತ್ತದೆ. ತೆಗೆದುಕೊಳ್ಳುವ ಮಗು ನೆಲ ನೋಡುತ್ತಿರುತ್ತದೆ.

ಕೆಳಗೆ ಬರೆದಿರುತ್ತದೆ: ಮಕ್ಕಳಲ್ಲಿ ಸೇವಾ ಮನೋಭಾವ ಬೆಳೆಸುವ ಕಾರ್ಯಕ್ರಮ.

ನಮ್ಮ ತಕರಾರು ಇದರ ಮೇಲೆಯೇ. ನೇರವಾಗಿ ಹೇಳಿಬಿಡುತ್ತೇವೆ. ಕಥೋಲಿಕ ಪ್ರಾಥಮಿಕ ಶಾಲೆಯಲ್ಲಿ ವಿಶ್ವಾಸವನ್ನೂ ಸೇವೆಯನ್ನೂ ಬೆಳೆಸಬೇಕು, ಸಂಶಯವಿಲ್ಲ. ಅದಕ್ಕಾಗಿಯೇ ಆ ಶಾಲೆಗಳು ಹುಟ್ಟಿದ್ದು. ಆದರೆ ಈಗ ಸೇವೆ ಎಂಬ ಹೆಸರಿನಲ್ಲಿ ಮಕ್ಕಳಿಗೆ ಕಲಿಸುತ್ತಿರುವುದು ಬೇರೆಯೇ ಪಾಠ: ಯಾರು ಕೊಡುವವರು, ಯಾರು ಕೈಯೊಡ್ಡುವವರು. ಅದನ್ನು ಕಲಿಯಲು ಶಾಲೆಗೆ ಹೋಗಬೇಕಾಗಿಲ್ಲ, ಊರಿನಲ್ಲಿ ಇದ್ದರೆ ಸಾಕು.

ಇದನ್ನು ಬರೆಯಲು ಕೂತಾಗ ನಮ್ಮೊಳಗೇ ಮಾತಿಗೆ ಮಾತು ಬೆಳೆಯಿತು. ನಮ್ಮ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಂಥ ಶಾಲೆಗಳಲ್ಲೇ ಅ ಆ ಇ ಈ ತಿದ್ದಿದವರು. ಅವರಲ್ಲಿ ಕ್ರೈಸ್ತರು ಇಬ್ಬರೇ. ಉಳಿದವರು ಬಿಲ್ಲವರ ಮನೆಯಿಂದ, ಬ್ಯಾರಿಗಳ ಮನೆಯಿಂದ, ದಲಿತ ಕಾಲನಿಯಿಂದ ಬಂದವರು. "ಉಂಡ ಮನೆಯ ಜಂತೆ ಎಣಿಸುವ ಕೆಲಸ ನಮಗ್ಯಾಕೆ" ಎಂದು ಒಬ್ಬಳು ಕೇಳಿದಳು. ಜಂತೆ ಹುಳು ತಿಂದು ಬೀಳುವ ಹಾಗಿದ್ದರೆ ಉಂಡವರೇ ಹೇಳಬೇಕಲ್ಲ ಎಂದು ಇನ್ನೊಬ್ಬ ಅಂದ. ಎರಡನೆಯವನ ಮಾತು ಗೆದ್ದಿದ್ದರಿಂದ ಈ ಬರಹ ನಿಮ್ಮ ಮೊಬೈಲಿನಲ್ಲಿದೆ.

ಮೊದಲು ಈ ಶಾಲೆಗಳು ಎಲ್ಲಿಂದ ಬಂದವು ಎಂದು ನೋಡೋಣ. 1870ರಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು ಮಂಗಳೂರಿಗೆ ಬಂದಿಳಿದಾಗ ಹೆಣ್ಣುಮಕ್ಕಳು ಶಾಲೆಗೆ ಹೋಗುವುದೇ ಸುದ್ದಿ. 1887ರಲ್ಲಿ ಅರ್ಬನ್ ಸ್ಟೈನ್ ಎಂಬ ಜೆಸ್ವಿತ್ ಪಾದ್ರಿ ಮಂಗಳೂರಿನಲ್ಲೇ ಉರ್ಸುಲೈನ್ ಫ್ರಾನ್ಸಿಸ್ಕನ್ ಸಿಸ್ಟರ್‌ಗಳ ಸಂಸ್ಥೆ ಕಟ್ಟಿದರು. 1921ರ ಜುಲೈ 16ರಂದು ಬೆಂದೂರಿನಲ್ಲಿ ರೇಮಂಡ್ ಮಸ್ಕರೇನ್ಹಸ್ ಎಂಬ ಪಾದ್ರಿ ನಾಲ್ವರು ಯುವತಿಯರನ್ನು ಕೂಡಿಸಿಕೊಂಡು ಬೆಥನಿ ಸಂಸ್ಥೆ ಶುರುಮಾಡಿದರು. ಹುಟ್ಟಿದ್ದು ಇಲ್ಲೇ, ಹುಟ್ಟುಹಾಕಿದವರೂ ಇಲ್ಲಿಯವರೇ. ಹಳ್ಳಿಯ ಬಡ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಬೇಕು ಎಂಬುದು ಅವರ ತಲೆಯಲ್ಲಿದ್ದ ದೊಡ್ಡ ಕೆಲಸ. ಆಮೇಲೆ ಬಸ್ಸು ಹೋಗದ ಊರುಗಳಿಗೆ ಸಿಸ್ಟರ್‌ಗಳು ನಡೆದು ಹೋಗಿ ಕನ್ನಡ ಶಾಲೆಗಳನ್ನು ನಡೆಸಿದರು. ಇಗರ್ಜಿಯ ಪಕ್ಕದ ಹಂಚಿನ ಮಾಡು, ಉದ್ದ ಜಗಲಿ, ಅಂಗಳದಲ್ಲಿ ಒಂದು ಗಂಟೆ. ಕರಾವಳಿಯವರಿಗೆ ಆ ಶಾಲೆಯ ಚಿತ್ರ ಬರೆದು ತೋರಿಸಬೇಕಾಗಿಲ್ಲ.

ಇಂಥ ಶಾಲೆಗಳ ಮೇಲೆ ಒಂದು ಹಳೇ ಆರೋಪ ಇದೆ, ಮತಾಂತರದ ಕಾರ್ಖಾನೆ ಎಂದು. ಅದಕ್ಕೆ ಹೆಚ್ಚು ಹೊತ್ತು ಕೊಡುವುದಿಲ್ಲ. ನೂರೈವತ್ತು ವರ್ಷ ಶಾಲೆ ನಡೆಸಿದ ಮೇಲೂ 2011ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು, ಎಲ್ಲ ಪಂಗಡಗಳೂ ಸೇರಿ, ಶೇ 1.87. ಕಾರ್ಖಾನೆಯಾಗಿದ್ದರೆ ಯಾವತ್ತೋ ದಿವಾಳಿಯಾಗಬೇಕಿತ್ತು. ನಮ್ಮ ಗುಂಪಿನ ಬ್ಯಾರಿ ಗೆಳೆಯ ಏಳು ವರ್ಷ ಬೆಳಿಗ್ಗೆ ಪ್ರಾರ್ಥನೆಗೆ ಕೈಮುಗಿದು ನಿಂತವನು, ಶುಕ್ರವಾರದ ನಮಾಜು ಒಂದು ದಿನವೂ ತಪ್ಪಿಸಿದವನಲ್ಲ.

ಆದರೆ ಈ ಆರೋಪದ ಹೆದರಿಕೆಯಿಂದ ಒಂದು ಅನಾಹುತ ಆಗಿದೆ. ಆಡಳಿತ ಮಂಡಳಿಗಳು ವಿಶ್ವಾಸವನ್ನು ಒಂದು ಕೋಣೆಗೆ ಸೇರಿಸಿಬಿಟ್ಟಿವೆ. ಎಷ್ಟೋ ಶಾಲೆಗಳ ಟೈಮ್ ಟೇಬಲ್ ನೋಡಿ. ವಾರಕ್ಕೆ ಎರಡು ಮೂರು ಪೀರಿಯಡ್ ಕಥೋಲಿಕ ಮಕ್ಕಳಿಗೆ ಧರ್ಮೋಪದೇಶ, ಕೊಂಕಣಿಯಲ್ಲಿ ಹೇಳುವುದಾದರೆ ದೊತೊರ್ನ್. ಅದೇ ಹೊತ್ತಿನಲ್ಲಿ ಉಳಿದ ಮಕ್ಕಳಿಗೆ ಪಕ್ಕದ ಕೋಣೆಯಲ್ಲಿ ಮೌಲ್ಯ ಶಿಕ್ಷಣ. ಗಂಟೆ ಹೊಡೆದ ಕೂಡಲೇ ಒಂದೇ ಬೆಂಚಿನಲ್ಲಿ ಕೂತಿದ್ದ ಮಕ್ಕಳು ಎರಡು ಸಾಲಾಗಿ ಎದ್ದು ಹೋಗುತ್ತಾರೆ. ಒಂದನೇ ಕ್ಲಾಸಿನ ಮಗುವಿಗೆ ಅಲ್ಲಿಯವರೆಗೆ ಪಕ್ಕದಲ್ಲಿ ಕೂತವನು ಯಾವ ಧರ್ಮ ಎಂದು ಗೊತ್ತಿರುವುದಿಲ್ಲ. ಆವತ್ತು ಗೊತ್ತಾಗುತ್ತದೆ.

ಹಾಗೆ ಬೇರೆ ಮಾಡುವುದಕ್ಕೆ ಕಾನೂನಿನ ಕಾರಣವೂ ಇದೆ ಅನ್ನಿ. ಸಂವಿಧಾನದ 28(3)ನೇ ವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ತಂದೆತಾಯಿಯ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಸರಿಯಾದ ಮಾತು. ಆ ಒಪ್ಪಿಗೆಯನ್ನು ಕನ್ನಡದಲ್ಲಿ, ಅಪ್ಪ ಅಮ್ಮನಿಗೆ ಅರ್ಥವಾಗುವ ಹಾಗೆ ಬರೆದು ಕೇಳಬೇಕು. 'ಬೇಡ' ಎಂದು ಬರೆಯಲೂ ಜಾಗ ಇರಬೇಕು, ಬರೆದವರ ಮಗುವನ್ನು ಯಾರೂ ಓರೆಗಣ್ಣಿನಿಂದ ನೋಡಬಾರದು. ನಾವು ಕಂಡ ಅಡ್ಮಿಷನ್ ಫಾರಂಗಳಲ್ಲಿ ಇದು ಇಂಗ್ಲಿಷಿನಲ್ಲಿ, ಹಿಂದಿನ ಪುಟದ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅಮ್ಮಂದಿರು ಹೆಬ್ಬೆಟ್ಟು ಒತ್ತುವ ಕಾಲ ಹೋಗಿ ಸಹಿ ಹಾಕುವ ಕಾಲ ಬಂದರೂ ಓದದೆ ಸಹಿ ಹಾಕುವುದು ತಪ್ಪಿಲ್ಲ.

ದೊತೊರ್ನ್ ಪೀರಿಯಡ್ ಶಾಲೆಯಲ್ಲಿ ಬೇಕೇ ಬೇಕಾ ಎಂದು ಒಬ್ಬ ಶಾಲಾ ಸಂಚಾಲಕರನ್ನು ಕೇಳಿದೆವು. ಹೇಗೂ ಭಾನುವಾರ ಪೂಜೆಯಾದ ಮೇಲೆ ಇಗರ್ಜಿಯಲ್ಲೇ ಮಕ್ಕಳಿಗೆ ದೊತೊರ್ನ್ ಇರುತ್ತದಲ್ಲ. ಅವರು ನಕ್ಕರು. "ನೋಡಿ ಮಾರಾಯ್ರೆ, ಅದನ್ನೂ ತೆಗೆದರೆ ಮತ್ತೆ ಇದನ್ನು ಕಥೋಲಿಕ ಶಾಲೆ ಅಂತ ಯಾಕೆ ಕರೀಬೇಕು?" ಎಂದರು.

ಒಳ್ಳೆಯ ಪ್ರಶ್ನೆ. ಆದರೆ ಆ ಪ್ರಶ್ನೆಯಲ್ಲೇ ರೋಗವೂ ಇದೆ. ವಾರದ ಮೂರು ಪೀರಿಯಡ್ ತೆಗೆದರೆ ಶಾಲೆಯ ಕಥೋಲಿಕತನವೇ ಹೊರಟುಹೋಗುತ್ತದೆ ಎಂದಾದರೆ ಉಳಿದ ಪೀರಿಯಡ್‌ಗಳಲ್ಲಿ, ಊಟದ ಹೊತ್ತಿನಲ್ಲಿ, ಆಫೀಸಿನ ಕೌಂಟರಿನಲ್ಲಿ ಏನಿದೆ? ವ್ಯಾಟಿಕನ್ನಿನ ಎರಡನೇ ಮಹಾಸಭೆ 1965ರ ಅಕ್ಟೋಬರ್ 28ರಂದು ಶಿಕ್ಷಣದ ಬಗ್ಗೆ ಒಂದು ಘೋಷಣೆ ಹೊರಡಿಸಿತು. ಬಡವರು, ಮನೆಯ ಆಸರೆ ಇಲ್ಲದ ಮಕ್ಕಳು, ಕ್ರೈಸ್ತ ವಿಶ್ವಾಸದಿಂದ ಹೊರಗಿರುವವರು, ಇವರ ಕಡೆಗೆ ಕಥೋಲಿಕ ಶಾಲೆಗಳು ವಿಶೇಷ ಗಮನ ಕೊಡಬೇಕು ಎಂದು ಅದರಲ್ಲಿ ಇದೆ. ನಮ್ಮ ಮಾತಲ್ಲ, ಅವರದೇ ಸಭೆಯ ಮಾತು. ಆ ಮಾತನ್ನು ಹಿಡಿದು ಅಳೆದರೆ ಶಾಲೆ ಕಥೋಲಿಕವೋ ಅಲ್ಲವೋ ಎಂದು ತಿಳಿಯಬೇಕಾದದ್ದು ಅಡ್ಮಿಷನ್ ರಿಜಿಸ್ಟರಿನಲ್ಲಿ.

ಈಗ ರಿಜಿಸ್ಟರಿಗೆ ಬರೋಣ.

ನಮ್ಮ ಕಡೆಯ ಬಹಳಷ್ಟು ಇಗರ್ಜಿಗಳ ಕಾಂಪೌಂಡಿನೊಳಗೆ ಈಗ ಎರಡು ಶಾಲೆಗಳಿವೆ. ಒಂದು ಹಳೇ ಅನುದಾನಿತ ಹಿರಿಯ ಪ್ರಾಥಮಿಕ ಶಾಲೆ, ಕನ್ನಡ ಮಾಧ್ಯಮ. ಹಂಚು ಒಡೆದ ಕಡೆ ಟಾರ್ಪಾಲು. ಇನ್ನೊಂದು ಇಂಗ್ಲಿಷ್ ಮೀಡಿಯಂ, ಟೈಲ್ಸ್ ಹಾಕಿದ ಮೂರು ಮಹಡಿ, ಗೇಟಿನಲ್ಲಿ ಸಾಲಾಗಿ ಹಳದಿ ವ್ಯಾನುಗಳು. ಆಡಳಿತ ಒಂದೇ, ಸಂಚಾಲಕರು ಒಬ್ಬರೇ. ಯೂನಿಫಾರಂ ಎರಡು, ಅಸೆಂಬ್ಲಿ ಎರಡು, ವಾರ್ಷಿಕೋತ್ಸವ ಎರಡು. ಕೆಲವು ಕಡೆ ಗೇಟು ಕೂಡ ಎರಡು. ಕನ್ನಡ ಶಾಲೆಯಲ್ಲಿ ಯಾರಿದ್ದಾರೆ? ಬೀಡಿ ಕಟ್ಟುವವರ ಮಕ್ಕಳು, ಗೇರುಬೀಜ ಫ್ಯಾಕ್ಟರಿಗೆ ಹೋಗುವವರ ಮಕ್ಕಳು, ಉತ್ತರ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಕಥೋಲಿಕ ಮಕ್ಕಳು ಬೆರಳೆಣಿಕೆ. ಊರಿನ ಕಥೋಲಿಕರು ಮೊದಲೇ ಆಚೆ ಕಟ್ಟಡಕ್ಕೆ ಹೋಗಿದ್ದಾರೆ. ಫೀಸ್ ಕಟ್ಟಲಾಗದ ಬಡ ಕಥೋಲಿಕರು ಈಚೆ ಉಳಿದಿದ್ದಾರೆ.

ಇದೇ ಕಾಂಪೌಂಡಿನಲ್ಲಿ ನಡೆಯುವುದು ಆ ಡಿಸೆಂಬರಿನ ಸೇವಾ ಕಾರ್ಯಕ್ರಮ. ಇಂಗ್ಲಿಷ್ ಮೀಡಿಯಂ ಮಕ್ಕಳು ದುಡ್ಡು ಒಟ್ಟು ಮಾಡುತ್ತಾರೆ. ಬ್ಯಾಗು, ನೋಟ್ ಪುಸ್ತಕ, ಕೊಡೆ ಬರುತ್ತವೆ. ಐವತ್ತು ಹೆಜ್ಜೆ ಆಚೆಯ ಕನ್ನಡ ಶಾಲೆಯ ಮಕ್ಕಳನ್ನು ಹೆಸರು ಕರೆದು ಸ್ಟೇಜಿಗೆ ಹತ್ತಿಸುತ್ತಾರೆ.

ಹಾಗೆ ಹತ್ತಿದ ಒಬ್ಬ ಮೂರನೇ ಕ್ಲಾಸಿನ ಹುಡುಗಿಯ ಅಮ್ಮನನ್ನು ನಮ್ಮಲ್ಲಿಬ್ಬರು ಭೇಟಿಯಾದರು. ಅಮ್ಮ ಗೇರುಬೀಜ ಫ್ಯಾಕ್ಟರಿಯಲ್ಲಿ ಸಿಪ್ಪೆ ತೆಗೆಯುವ ಕೆಲಸಕ್ಕೆ ಹೋಗುತ್ತಾರೆ. ಸಿಟ್ಟೇನೂ ಇರಲಿಲ್ಲ. "ಬ್ಯಾಗ್ ಒಳ್ಳೇದೇ ಉಂಟು. ಇವಳಿಗೆ ಬೇಕಿತ್ತು ಕೂಡ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಫೋಟೊ ಎಂತಕ್ಕೆ ಹಾಕಿದ್ದು? ಫ್ಯಾಕ್ಟರಿಯಲ್ಲಿ ಎಲ್ಲರ ಮೊಬೈಲಿಗೂ ಬಂದಿದೆ" ಎಂದರು. ಹುಡುಗಿ ಆ ಬ್ಯಾಗನ್ನು ಶಾಲೆಗೆ ಒಯ್ಯುವುದಿಲ್ಲ. ಅದರಲ್ಲಿ ಮನೆಯವರು ಹಳೇ ಬಟ್ಟೆ ತುಂಬಿ ಅಟ್ಟಕ್ಕೆ ಹಾಕಿದ್ದಾರೆ. ಯಾಕಮ್ಮ ಎಂದು ಕೇಳಿದರೆ ಹುಡುಗಿ ಹೇಳಿದ್ದು ಒಂದೇ ಮಾತು: "ಅದು ಕೊಟ್ಟ ಬ್ಯಾಗ್ ಅಂತ ಅವರಿಗೆಲ್ಲ ಗೊತ್ತುಂಟು."

ಸೇವೆಯನ್ನು ತುತ್ತೂರಿ ಊದಿ ಮಾಡಬೇಡಿ ಎಂದು ಯೇಸು ಹೇಳಿದ್ದನ್ನು ದೊತೊರ್ನ್ ಪುಸ್ತಕದಲ್ಲೇ ಕಲಿಸುತ್ತಾರೆ. ವಾಟ್ಸಾಪ್ ಸ್ಟೇಟಸ್ಸಿಗಿಂತ ದೊಡ್ಡ ತುತ್ತೂರಿ ಇದೆಯಾ? ತಪಸ್ಸು ಕಾಲದಲ್ಲಿ ಕ್ಲಾಸಿಗೊಂದು ಡಬ್ಬಿ ಇಡುತ್ತಾರೆ, ಬಡವರಿಗಾಗಿ ಮಕ್ಕಳು ಚಿಲ್ಲರೆ ಹಾಕಲಿ ಎಂದು. ಉದ್ದೇಶ ಒಳ್ಳೆಯದೇ. ಮಿಠಾಯಿ ತಿನ್ನದೆ ಉಳಿಸಿದ ಎರಡು ರೂಪಾಯಿ ಮಗುವಿಗೆ ದೊಡ್ಡ ತ್ಯಾಗ. ಆದರೆ ಕೊನೆಗೆ ಯಾವ ಕ್ಲಾಸಿನದು ಎಷ್ಟು ಎಂದು ಬೋರ್ಡಿನಲ್ಲಿ ಬರೆದು ಹೆಚ್ಚು ಕೊಟ್ಟ ಕ್ಲಾಸಿಗೆ ಚಪ್ಪಾಳೆ ಹೊಡೆಸುತ್ತಾರೆ. ದೇವಾಲಯದಲ್ಲಿ ಎರಡೇ ಕಾಸು ಹಾಕಿದ ಬಡ ವಿಧವೆಯ ಕತೆಯನ್ನು ಹಿಂದಿನ ವಾರ ಹೇಳಿಕೊಟ್ಟ ಟೀಚರೇ ಈ ಲೆಕ್ಕ ಬರೆಯುವುದು.

ಪ್ರತಿ ಕಥೋಲಿಕ ಶಾಲೆಯ ಗೋಡೆಯಲ್ಲೂ ಮದರ್ ತೆರೇಸಾ ಫೋಟೊ ಇರುತ್ತದೆ. ಛದ್ಮವೇಷ ಸ್ಪರ್ಧೆಯಲ್ಲಿ ನೀಲಿ ಅಂಚಿನ ಬಿಳಿ ಸೀರೆ ಉಟ್ಟ ಒಂದು ಮಗುವಾದರೂ ಇದ್ದೇ ಇರುತ್ತದೆ. ಆದರೆ ಆಕೆ ಮೊದಲು ಟೀಚರ್ ಆಗಿದ್ದರು ಎಂಬುದನ್ನು ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಕೋಲ್ಕತ್ತಾದ ಎಂಟಾಲಿಯಲ್ಲಿ ಲೊರೆಟೊ ಸಿಸ್ಟರ್‌ಗಳ ಶಾಲೆಯಲ್ಲಿ ವರ್ಷಗಟ್ಟಲೆ ಪಾಠ ಮಾಡಿದರು, ಅಲ್ಲೇ ಮುಖ್ಯಶಿಕ್ಷಕಿಯೂ ಆದರು. ಆ ಕಾಂಪೌಂಡ್ ಗೋಡೆಯ ಆಚೆ ಮೋತಿಝೀಲ್ ಎಂಬ ಕೊಳೆಗೇರಿ. 1948ರಲ್ಲಿ ಅವರು ಗೋಡೆಯ ಆಚೆ ಹೋಗಿ ಅಲ್ಲೇ ಶಾಲೆ ಶುರುಮಾಡಿದರು. ಬೋರ್ಡ್ ಇರಲಿಲ್ಲ, ನೆಲದ ಮೇಲೆ ಕೋಲಿನಿಂದ ಅಕ್ಷರ ಬರೆದರು. ನಮ್ಮ ಶಾಲೆಗಳಲ್ಲಿ ಈಗ ಆ ಗೋಡೆ ಕಾಂಪೌಂಡಿನ ಒಳಗೇ ಎದ್ದು ನಿಂತಿದೆ.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ನೋಡಿಬಿಡೋಣ, ಯಾಕೆಂದರೆ ಆಡಳಿತ ಮಂಡಳಿಯವರು ಮಾತು ಸಾಗದಾಗ ಅದನ್ನೇ ಎತ್ತುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ, ಅನುದಾನವಿಲ್ಲದ ಖಾಸಗಿ ಶಾಲೆಗಳು ಒಂದನೇ ತರಗತಿಯ ಶೇ 25 ಸೀಟುಗಳನ್ನು ಬಡ ಮತ್ತು ಹಿಂದುಳಿದ ಕುಟುಂಬಗಳ ಮಕ್ಕಳಿಗೆ ಉಚಿತವಾಗಿ ಕೊಡಬೇಕು ಎಂದಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಪ್ರಮತಿ ಟ್ರಸ್ಟ್ ಪ್ರಕರಣದಲ್ಲಿ, ಈ ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯವಾಗುವುದಿಲ್ಲ ಎಂದು ಹೇಳಿತು. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟುವ, ನಡೆಸುವ ಹಕ್ಕು ಕೊಟ್ಟಿದೆ, ಅದಕ್ಕೆ ಧಕ್ಕೆಯಾಗುತ್ತದೆ ಎಂಬುದು ಕಾರಣ. ಕುತೂಹಲದ ಸಂಗತಿ ಎಂದರೆ ಅದೇ ದಿನ ಸುಪ್ರೀಂ ಕೋರ್ಟಿನಿಂದ ಇನ್ನೊಂದು ತೀರ್ಪೂ ಬಂತು. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯಲ್ಲೇ ಕಲಿಸಿ ಎಂದು ಕರ್ನಾಟಕ ಸರ್ಕಾರ ಶಾಲೆಗಳನ್ನು ಒತ್ತಾಯಿಸುವಂತಿಲ್ಲ ಎಂಬ ತೀರ್ಪು ಅದು. ಒಂದೇ ದಿನ ಇಂಗ್ಲಿಷ್ ಮೀಡಿಯಂಗೆ ಬಾಗಿಲು ತೆರೆಯಿತು, ಅಲ್ಪಸಂಖ್ಯಾತ ಶಾಲೆಗಳ ಮಟ್ಟಿಗೆ ಬಡವರ ಶೇ 25ರ ಬಾಗಿಲು ಮುಚ್ಚಿತು.

ಆಮೇಲೆ 2019ರ ಹೊತ್ತಿಗೆ ರಾಜ್ಯ ಸರ್ಕಾರವೇ ನಿಯಮ ಬದಲಿಸಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವ ಕಡೆ ಖಾಸಗಿ ಶಾಲೆಯ ಉಚಿತ ಸೀಟು ಇಲ್ಲ ಎಂದಿತು. ಅಲ್ಲಿಗೆ ಉಳಿದ ಶಾಲೆಗಳಲ್ಲೂ ಆ ಸೀಟುಗಳು ಕರಗಿದವು. ಪ್ರಮತಿ ತೀರ್ಪು ಸರಿಯೇ ಎಂಬ ಪ್ರಶ್ನೆಯನ್ನು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠವೇ ಎತ್ತಿ, ದೊಡ್ಡ ಪೀಠ ನೋಡಲಿ ಎಂದು ಮುಖ್ಯ ನ್ಯಾಯಮೂರ್ತಿಗಳ ಮುಂದೆ ಇಟ್ಟಿತು.

ಕೋರ್ಟಿನ ಮಾತು ಕೋರ್ಟಿಗಿರಲಿ. ಅಲ್ಪಸಂಖ್ಯಾತರ ಹಕ್ಕು ಗಟ್ಟಿಯಾಗಿಯೇ ಇರಬೇಕು, ಅದರಲ್ಲಿ ನಮಗೆ ಎರಡು ಮಾತಿಲ್ಲ. ನಮ್ಮ ಪ್ರಶ್ನೆ ಬೇರೆ. ಬಡ ಮಗುವಿಗೆ ಸೀಟು ಕೊಡಬೇಕಾಗಿಲ್ಲ ಎಂದು ಕಾನೂನು ವಿನಾಯಿತಿ ಕೊಟ್ಟಿದೆ. ಸುವಾರ್ತೆ ಆ ವಿನಾಯಿತಿ ಕೊಟ್ಟಿದೆಯಾ? ಸರ್ಕಾರ ಒತ್ತಾಯಿಸದಿದ್ದರೂ, ನಮ್ಮದು ಕಥೋಲಿಕ ಶಾಲೆ, ಆದ್ದರಿಂದ ನಾಲ್ಕರಲ್ಲಿ ಒಂದು ಸೀಟು ಬಡವರಿಗೆ ಎಂದು ಬೋರ್ಡ್ ಹಾಕಬಹುದಿತ್ತು. ಬೇರೆಯವರಿಗೆ ಬೇಡ, ಬಡ ಕಥೋಲಿಕರಿಗಾದರೂ. ಹಳಿಯಾಳದ ಕಡೆಯ ಸಿದ್ದಿ ಕ್ರೈಸ್ತರ ಮನೆಗಳಲ್ಲಿ ಕೂಡ ಮಕ್ಕಳಿದ್ದಾರಲ್ಲ. ಹಾಗೆ ಬೋರ್ಡ್ ಹಾಕಿದ ಶಾಲೆಗಳು ಇದ್ದರೆ ನಮಗೆ ತಿಳಿಸಿ, ಮುಂದಿನ ಬರಹ ಅವರದೇ.

ಈಗ ಎದುರಿನವರ ಮಾತು. ಅದನ್ನು ಮುಚ್ಚಿಟ್ಟರೆ ನಾವು ಓದಿದ ಪತ್ರಿಕೋದ್ಯಮ ದಂಡ.

ಮೇಲೆ ಹೇಳಿದ ಸಂಚಾಲಕರೇ ನಮಗೆ ಲೆಕ್ಕದ ಪುಸ್ತಕ ತೆಗೆದು ತೋರಿಸಿದರು. ಅವರ ಅನುದಾನಿತ ಶಾಲೆಯಲ್ಲಿ ಏಳು ತರಗತಿಗಳಿಗೆ ಸರ್ಕಾರದ ಸಂಬಳ ಪಡೆಯುವ ಶಿಕ್ಷಕರು ಇಬ್ಬರು. ಉಳಿದವರು ಒಬ್ಬೊಬ್ಬರಾಗಿ ನಿವೃತ್ತರಾದರು. ಆ ಜಾಗ ತುಂಬಬೇಕಾದರೆ ಇಲಾಖೆಯ ಅನುಮತಿ ಬೇಕು. ಫೈಲು ಬಿಇಒ ಆಫೀಸಿನಿಂದ ಡಿಡಿಪಿಐ ಆಫೀಸಿಗೆ, ಅಲ್ಲಿಂದ ಬೆಂಗಳೂರಿಗೆ ಹೋಗಿ ಕೂತಿದೆ. ಅಷ್ಟರಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತದೆ. ಸಂಖ್ಯೆ ಇಳಿದಿದೆ, ಹುದ್ದೆ ಯಾಕೆ ಎಂದು ಇಲಾಖೆ ಕೇಳುತ್ತದೆ. ಟೀಚರ್ ಇಲ್ಲ, ಮಕ್ಕಳನ್ನು ಯಾಕೆ ಕಳಿಸಲಿ ಎಂದು ಊರಿನವರು ಕೇಳುತ್ತಾರೆ. ಈ ಗಾಣದಲ್ಲಿ ಸಿಕ್ಕಿಯೇ ಎಷ್ಟೋ ಶಾಲೆಗಳು ಮುಚ್ಚಿದವು. ಇದರಲ್ಲಿ ಸರ್ಕಾರದ ಪಾಪ ದೊಡ್ಡದು. ಕನ್ನಡ ಕನ್ನಡ ಎಂದು ನವೆಂಬರಿನಲ್ಲಿ ಬಾವುಟ ಹಾರಿಸುವವರು ಕನ್ನಡ ಶಾಲೆಯ ಟೀಚರ್ ಹುದ್ದೆ ತುಂಬಲು ಒಂದು ಸಹಿ ಹಾಕುವುದಿಲ್ಲ.

ಹಾಗಾದರೆ ಉಳಿದ ಟೀಚರುಗಳಿಗೆ ಸಂಬಳ ಎಲ್ಲಿಂದ? ಪಕ್ಕದ ಇಂಗ್ಲಿಷ್ ಮೀಡಿಯಂ ಶಾಲೆಯ ಫೀಸಿನಿಂದ. ಮೂವರು ಗೌರವ ಶಿಕ್ಷಕಿಯರಿಗೆ ತಿಂಗಳು ತಿಂಗಳು ಅಲ್ಲಿಂದಲೇ ಕೊಡುತ್ತಿದ್ದಾರೆ. ನಾವು ಬೆರಗಾದೆವು. ಇದಲ್ಲವೇ ಸೇವೆ! ವರ್ಷಕ್ಕೊಂದು ಬ್ಯಾಗಿಗಿಂತ ಸಾವಿರ ಪಾಲು ದೊಡ್ಡದು. ಇದನ್ನು ಯಾಕೆ ಯಾರಿಗೂ ಹೇಳಿಲ್ಲ ಎಂದು ಕೇಳಿದರೆ ಅವರು, "ಹೇಳಿದ್ರೆ ಇಂಗ್ಲಿಷ್ ಮೀಡಿಯಂನ ಪೇರೆಂಟ್ಸ್ ಗಲಾಟೆ ಮಾಡ್ತಾರೆ" ಎಂದರು. ನಮ್ಮ ಫೀಸು ಅವರ ಮಕ್ಕಳಿಗೆ ಯಾಕೆ ಎಂದು ಕೇಳುತ್ತಾರಂತೆ.

ಅಲ್ಲಿಗೆ ಎಲ್ಲ ಬಯಲಾಯಿತು ನೋಡಿ. ಕ್ರಿಸ್ಮಸ್‌ಗೆ ಬ್ಯಾಗ್ ಕೊಟ್ಟು ಫೋಟೊ ಹೊಡೆಸಿಕೊಳ್ಳಲು ಸಂತೋಷವಾಗಿ ದುಡ್ಡು ಕೊಡುವ ಅದೇ ಪೋಷಕರು, ಆ ಮಗುವಿಗೆ ಗಣಿತದ ಟೀಚರ್ ಸಿಗಲಿ ಎಂದು ದುಡ್ಡು ಹೋದರೆ ಗಲಾಟೆ ಮಾಡುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಇದೇ ಕಾಂಪೌಂಡಿನ ಹಂಚಿನ ಶಾಲೆಯಲ್ಲಿ ಓದಿ ಮಸ್ಕತ್ತಿಗೋ ಮುಂಬೈಗೋ ಹೋಗಿ ಸ್ಥಿತಿವಂತರಾದವರು. ಅವರಿಗೆ ಶಾಲೆ ಇಂಗ್ಲಿಷ್ ಕಲಿಸಿತು, ಗಣಿತ ಕಲಿಸಿತು. ಈ ಒಂದು ವಿಷಯದಲ್ಲಿ ಮಾತ್ರ ಫೇಲ್ ಆದರು. ಸಂಚಾಲಕರು ಧೈರ್ಯ ಮಾಡಿ ರಕ್ಷಕ ಶಿಕ್ಷಕರ ಸಭೆಯಲ್ಲಿ ಲೆಕ್ಕ ಓದಬೇಕು. ಗಲಾಟೆಯಾದರೆ ಆಗಲಿ. ಆ ಗಲಾಟೆಯನ್ನು ಎದುರಿಸುವುದೂ ವಿಶ್ವಾಸದ ಪಾಠವೇ, ಅದು ದೊಡ್ಡವರಿಗೆ.

ಇಂಗ್ಲಿಷ್ ಬೇಡ ಎನ್ನುವವರಲ್ಲ ನಾವು. ಬೀಡಿ ಕಟ್ಟುವ ಅಮ್ಮ ತನ್ನ ಮಗಳಿಗೆ ಇಂಗ್ಲಿಷ್ ಬರಲಿ ಎಂದರೆ ಅದರಲ್ಲಿ ತಪ್ಪು ಹುಡುಕುವ ಯೋಗ್ಯತೆ ಇಂಗ್ಲಿಷ್ ಕಲಿತು ಬ್ಲಾಗ್ ಬರೆಯುವ ನಮಗಿಲ್ಲ. ಆ ಮಗಳಿಗೂ ಆಚೆ ಕಟ್ಟಡದ ಇಂಗ್ಲಿಷ್ ಟೀಚರ್ ದಿನಕ್ಕೊಂದು ಪೀರಿಯಡ್ ಬಂದು ಪಾಠ ಮಾಡಲಿ ಎನ್ನುತ್ತೇವೆ. ಈಚೆಯ ಕನ್ನಡ ಟೀಚರ್ ಆಚೆ ಹೋಗಲಿ, ಅಲ್ಲಿಯ ಮಕ್ಕಳ ಕನ್ನಡದ ಗತಿ ನಿಮಗೂ ಗೊತ್ತು. ಯೂನಿಫಾರಂ ಒಂದೇ ಇರಲಿ. ಬೆಳಿಗ್ಗೆ ಅಸೆಂಬ್ಲಿ ಒಂದೇ ಅಂಗಳದಲ್ಲಿ ಆಗಲಿ. ಅಕ್ಷರ ದಾಸೋಹದ ಬಿಸಿಯೂಟ ಸರ್ಕಾರದ ನಿಯಮದಂತೆ ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ, ಸರಿ. ಆದರೆ ಕೂರುವ ಜಗಲಿ ಎಲ್ಲರದ್ದೂ ಆಗಬಹುದಲ್ಲ. ಟಿಫಿನ್ ಬಾಕ್ಸಿನವರೂ ಬಟ್ಟಲಿನವರೂ ಒಂದೇ ಸಾಲಿನಲ್ಲಿ ಕೂತರೆ ನಾಲ್ಕು ದಿನದಲ್ಲಿ ಉಪ್ಪಿನಕಾಯಿ ಆಚೀಚೆ ಹೋಗತೊಡಗುತ್ತದೆ. ಅದಕ್ಕೆ ಬ್ಯಾನರ್ ಬೇಡ.

ಸೇವೆ ಎಂದರೆ ಮಕ್ಕಳ ಕೈಯಲ್ಲಿ ಗುಡಿಸಿಸುವುದು ಎಂದು ಅಂದುಕೊಳ್ಳುವ ಶಾಲೆಗಳೂ ಇವೆ. ಇಲ್ಲಿ ಹುಷಾರಾಗಿರಬೇಕು. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ಸರ್ಕಾರಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲಗುಂಡಿಗೆ ಇಳಿಸಿದ್ದು ಬಯಲಾಗಿ ಇಡೀ ರಾಜ್ಯ ತಲೆ ತಗ್ಗಿಸಿತು. ನಮ್ಮ ಊರುಗಳಲ್ಲಿ ಪೊರಕೆಗೂ ಜಾತಿ ಇದೆ, ಯಾರ ಕೈಗೆ ಯಾವ ಪೊರಕೆ ಎಂದು ಮಕ್ಕಳಿಗೂ ಗೊತ್ತಿದೆ. ಆದ್ದರಿಂದ ಶೌಚಾಲಯ ತೊಳೆಯುವುದು ಸಂಬಳ ಪಡೆಯುವ ದೊಡ್ಡವರ ಕೆಲಸ, ಮಕ್ಕಳದ್ದಲ್ಲ. ಕ್ಲಾಸ್ ರೂಮು ಗುಡಿಸುವುದಾದರೆ ಸರದಿ ಪಟ್ಟಿ ಗೋಡೆಯ ಮೇಲಿರಲಿ. ಡಾಕ್ಟರ ಮಗ, ಇಗರ್ಜಿ ಗುರಿಕಾರರ ಮೊಮ್ಮಗಳು, ಎಲ್ಲರ ಹೆಸರೂ ಅದರಲ್ಲಿ ಇರಲಿ. ಸಿಸ್ಟರ್ ಹೆಸರೂ ಇದ್ದರೆ ಇನ್ನೂ ಒಳ್ಳೆಯದು. ನಮ್ಮಲ್ಲೊಬ್ಬಳು ಓದಿದ ಶಾಲೆಯಲ್ಲಿ ಹೆಡ್ ಸಿಸ್ಟರ್ ಸೋಮವಾರದ ಸರದಿಯಲ್ಲಿದ್ದರಂತೆ. ಅವರು ಗುಡಿಸುವುದು ನಿಧಾನ, ಮೂಲೆ ಮೂಲೆ ನೋಡುತ್ತಿದ್ದರು, ಜೊತೆಗಿದ್ದ ಮಕ್ಕಳಿಗೆ ಬೇಗ ಬಿಡುಗಡೆಯೇ ಇಲ್ಲ ಎಂದು ಅವಳು ಈಗಲೂ ಗೊಣಗುತ್ತಾಳೆ.

ಅದೇ ಸಿಸ್ಟರ್ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಅವಳ ತರಗತಿಯ ಒಬ್ಬ ಹುಡುಗಿ ಜುಲೈ ಮಳೆಯಲ್ಲಿ ಮೂರು ದಿನ ಬರಲಿಲ್ಲ. ನಾಲ್ಕನೇ ದಿನ ಸಂಜೆ ಸಿಸ್ಟರ್ ಕೊಡೆ ಹಿಡಿದುಕೊಂಡು ಗದ್ದೆಯ ಬದುವಿನಲ್ಲಿ ನಡೆದು ಮನೆಗೆ ಬಂದರು. ಅಮ್ಮ ನಾಟಿಗೆ ಹೋಗಿದ್ದರು, ಹುಡುಗಿ ಎರಡು ವರ್ಷದ ತಮ್ಮನನ್ನು ನೋಡಿಕೊಂಡಿದ್ದಳು. ಸಿಸ್ಟರ್ ಬೈಯಲಿಲ್ಲ. ನಾಳೆಯಿಂದ ತಮ್ಮನನ್ನೂ ಎತ್ತಿಕೊಂಡು ಬಾ ಎಂದರು. ನಾಟಿ ಮುಗಿಯುವವರೆಗೆ ಆ ಮಗು ಮೂರನೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಮಲಗುತ್ತಿತ್ತು. ಎದ್ದು ಅತ್ತರೆ ಹತ್ತಿರ ಕೂತವರು ಎತ್ತಿಕೊಳ್ಳಬೇಕು, ಅದೇ ನಿಯಮ. ಹುಡುಗರೂ ಎತ್ತಿಕೊಂಡರು. ಯಾರ ಮನೆಯ ಮಗು, ಯಾವ ಜಾತಿ ಎಂದು ಯಾರೂ ಕೇಳಲಿಲ್ಲ. ಅಥವಾ ಕೇಳಿದ್ದರೂ ಅಳು ನಿಲ್ಲಿಸುವುದೇ ಮೊದಲ ಕೆಲಸವಾಗಿತ್ತು. ಆ ತಿಂಗಳು ಆ ತರಗತಿ ಕಲಿತದ್ದನ್ನು ಯಾವ ಮೌಲ್ಯ ಶಿಕ್ಷಣದ ಪುಸ್ತಕದಲ್ಲೂ ನಾವು ಕಂಡಿಲ್ಲ. ಸಿಸ್ಟರ್ ತನ್ನ ದೇವರ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ. ಆದರೆ ಯಾವ ದೇವರನ್ನು ನಂಬಿ ಅವರು ಮಳೆಯಲ್ಲಿ ಬಂದರು ಎಂದು ಇಡೀ ಊರಿಗೆ ಗೊತ್ತಿತ್ತು.

ವಿಶ್ವಾಸವನ್ನು ಅಡಗಿಸಿಡಿ ಎಂದು ನಾವು ಹೇಳುತ್ತಿಲ್ಲ. ಮೊಂತಿ ಹಬ್ಬ ನೆನಪಿಸಿಕೊಳ್ಳಿ. ಸೆಪ್ಟೆಂಬರ್ 8ಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಮಾತೆ ಮರಿಯಮ್ಮನಿಗೆ ಹೂ ತರುತ್ತಾರೆ. ಹಳ್ಳಿಯ ಶಾಲೆಗಳಲ್ಲಿ ಹಿಂದೂ ಮಕ್ಕಳೂ ಬ್ಯಾರಿ ಮಕ್ಕಳೂ ತಮ್ಮಿಷ್ಟದಿಂದ ತಂದು ಕೊಡುತ್ತಿದ್ದರು. ಗೌರಿ ಹೂ, ದಾಸವಾಳ, ಗುಡ್ಡದ ಬದಿಯ ಹೆಸರಿಲ್ಲದ ಹಳದಿ ಹೂ. ಬುಟ್ಟಿಗೆ ಬಿದ್ದ ಮೇಲೆ ಯಾವುದು ಯಾರ ಮನೆಯದು ಎಂದು ಹೇಳಲು ಸಾಧ್ಯವಿಲ್ಲ. ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ, ಆ ಹೊಸ ಅಕ್ಕಿಯ ಕಾಳು ಹಾಕಿದ ಪಾಯಸ. ಗದ್ದೆ ಇದ್ದವರಿಗೆಲ್ಲ ತೆನೆಯ ಹಬ್ಬ ಇದ್ದೇ ಇದೆ, ಹಾಗಾಗಿ ಯಾರಿಗೂ ಇದು ಪರಕೀಯ ಅನ್ನಿಸಿರಲಿಲ್ಲ. ಈಗ ಪೇಟೆಯ ಕೆಲವು ಶಾಲೆಗಳಲ್ಲಿ ಹೂವಿನ ಬದಲು ಹೂವಿನ ದುಡ್ಡು ತನ್ನಿ ಎಂದು ಡೈರಿಯಲ್ಲಿ ಬರೆದು ಕಳಿಸುತ್ತಾರೆ. ದುಡ್ಡಿನ ಮೇಲೆ ಮಾತ್ರ ಯಾರು ಎಷ್ಟು ಎಂಬ ಲೆಕ್ಕ ಇರುತ್ತದೆ.

ಶಾಲೆ ನಡೆಸುವವರಲ್ಲಿ ನಾವು ಕೇಳುವುದು ಕಷ್ಟದ್ದೇ. ಸೇವೆಯ ದುಡ್ಡನ್ನು ಬ್ಯಾಗಿನಿಂದ ತೆಗೆದು ಟೀಚರ್ ಸಂಬಳಕ್ಕೆ ಹಾಕಿ, ಹಾಕಿದ್ದನ್ನು ಸಭೆಯಲ್ಲಿ ಹೇಳಿ. ಖಾಲಿ ಹುದ್ದೆಗಳ ಫೈಲಿನ ಬೆನ್ನು ಹತ್ತಲು ಊರಿನ ಎಲ್ಲ ಜಾತಿ ಧರ್ಮದ ಹಳೇ ವಿದ್ಯಾರ್ಥಿಗಳನ್ನು ಕರೆಯಿರಿ, ನಾವು ಬಿಇಒ ಆಫೀಸಿಗೆ ಜೊತೆಗೆ ಬರುತ್ತೇವೆ. ಅಕ್ಕಪಕ್ಕದ ಕಟ್ಟಡಗಳ ನಡುವಿನ ಬೇಲಿ ಈ ಬೇಸಿಗೆ ರಜೆಯಲ್ಲೇ ತೆಗೆಯಿರಿ, ಅದಕ್ಕೆ ಯಾವ ಇಲಾಖೆಯ ಅನುಮತಿಯೂ ಬೇಡ.

ಪೋಷಕರಿಗೂ ಒಂದು ಮಾತು. ಏಪ್ರಿಲ್, ಮೇಯಲ್ಲಿ ಅಡ್ಮಿಷನ್‌ಗೆ ಹೋಗುತ್ತೀರಿ. ಸ್ಮಾರ್ಟ್ ಕ್ಲಾಸ್ ಇದೆಯಾ, ವ್ಯಾನ್ ಎಲ್ಲಿಯವರೆಗೆ ಬರುತ್ತದೆ ಎಂದು ಕೇಳುವಾಗ, ಫೀಸ್ ಕಟ್ಟಲಾಗದ ಎಷ್ಟು ಮಕ್ಕಳು ನಮ್ಮ ಮಗುವಿನ ಕ್ಲಾಸಿನಲ್ಲೇ ಕೂರುತ್ತಾರೆ ಎಂದೂ ಕೇಳಿ. ಕೌಂಟರಿನವರು ತಬ್ಬಿಬ್ಬಾದರೆ ಇನ್ನೊಮ್ಮೆ ಕೇಳಿ. ಏನು ಉತ್ತರ ಬಂತು ಎಂದು ನಮಗೆ ಬರೆದು ಕಳಿಸಿ. ಊರಿನ ಹೆಸರು, ಶಾಲೆಯ ಹೆಸರು ಹಾಕುವುದಿಲ್ಲ. ಮಕ್ಕಳ ಫೋಟೊ ಮಾತ್ರ ಕಳಿಸಬೇಡಿ.